ಶುಶ್ರೂಷೆ: ದಯೆಯ ಕಾಯಕ

ಒಂದು ಜನಾಂಗದ ನೀತಿಪ್ರಜ್ಞೆಯನ್ನು ಅರಿಯಬೇಕಾದರೆ ಅದರ ಶಾಸ್ತ್ರಗ್ರಂಥಗಳನ್ನು ನೋಡುವಂತೆಯೇ ಅದರ ದಿನಬಳಕೆಯ ಶಬ್ದಗಳನ್ನೂ ನೋಡಬೇಕಾಗುತ್ತದೆ. ರೋಗಿಯ ಸೇವೆಗೆ ಕನ್ನಡದಲ್ಲಿ ರೂಢಿಯಲ್ಲಿರುವ ಶಬ್ದಗಳನ್ನು ಒಂದೆಡೆ ಇಟ್ಟು ಪರಿಶೀಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. 'ಶುಶ್ರೂಷೆ' ಎಂಬುದು 'ಕೇಳು' ಎಂಬರ್ಥದ 'ಶ್ರು' ಧಾತುವಿನಿಂದ ಇಚ್ಛಾರ್ಥದಲ್ಲಿ ಹುಟ್ಟಿದ ಶಬ್ದ. ಕೇಳಬೇಕೆಂಬ ಬಯಕೆ ಎಂಬುದು ಅದರ ಮೂಲಾರ್ಥ. ಗುರುವಿನ ನುಡಿಗೆ ಕಿವಿಗೊಡುವ ಶಿಷ್ಯನ ವಿನಯವನ್ನು ಸೂಚಿಸುತ್ತಿದ್ದ ಈ ಶಬ್ದ ಕ್ರಮೇಣ ಸೇವೆಯ ಅರ್ಥವನ್ನೂ, ಬಳಿಕ ವಿಶೇಷವಾಗಿ ರೋಗಿಯ ಸೇವೆಯ ಅರ್ಥವನ್ನೂ ಪಡೆಯಿತು. 'ಆರೈಕೆ' ಎಂಬುದು ಅಚ್ಚಗನ್ನಡ. ಹಳಗನ್ನಡದ 'ಆರಯ್' ಎಂಬ ಕ್ರಿಯಾಪದಕ್ಕೆ ಹುಡುಕು, ವಿಚಾರಿಸು, ಎಚ್ಚರದಿಂದ ನೋಡು, ಸಲಹು ಎಂಬ ಅರ್ಥಗಳಿವೆ. 'ಉಪಚಾರ'ವೆಂದರೆ ಬಳಿಗೆ ಹೋಗಿ ನಡೆದುಕೊಳ್ಳುವುದು. ಇನ್ನು 'ದಾದಿ' ಎಂಬುದು 'ಧಾತ್ರಿ'ಯ ತದ್ಭವ. ಹೆತ್ತವಳಲ್ಲದಿದ್ದರೂ ಹಾಲೂಡಿ ಸಾಕುವವಳೆಂದು ಅದರ ಅರ್ಥ. ಭೂಮಿಗೂ ಆ ಹೆಸರುಂಟು.

ಕೇಳುವುದು, ನೋಡುವುದು, ಹತ್ತಿರ ಹೋಗುವುದು, ತನ್ನದಲ್ಲದ ಮಗುವನ್ನು ಸಲಹುವುದು ಎಂಬ ನಾಲ್ಕು ಕ್ರಿಯೆಗಳು ಈ ನಾಲ್ಕು ಶಬ್ದಗಳಲ್ಲಿ ಅಡಕವಾಗಿವೆ. ಇವುಗಳಲ್ಲಿ ಔಷಧದ ಮಾತಿಲ್ಲವೆಂಬುದು ಗಮನಾರ್ಹ. ಔಷಧ ಕೊಡುವುದು ಚಿಕಿತ್ಸೆ. ಚಿಕಿತ್ಸೆಯು ಮನುಷ್ಯನಿಗೆ ತಲುಪುವಂತೆ ಮಾಡುವುದು ಶುಶ್ರೂಷೆ. ಈ ಎರಡನೆಯ ಕಾರ್ಯಕ್ಕೆ ಪ್ರೀತಿ ಮತ್ತು ದಯೆ ತಳಹದಿಯಾಗಬೇಕೆಂಬ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಸುಲಭವಾಗಿ ಒಪ್ಪಿಗೆ ಪಡೆಯುವ ಮಾತುಗಳು ಎಷ್ಟೋ ವೇಳೆ ವಿಚಾರಕ್ಕೆ ಒಳಗಾಗದೆಯೇ ಉಳಿದುಬಿಡುತ್ತವೆ. ದಯೆಯೆಂಬುದು ಮನಸ್ಸಿನ ಒಂದು ಭಾವವೇ, ಅಥವಾ ಕೈಯಿಂದ ನಡೆಯಬೇಕಾದ ಕ್ರಿಯೆಯೇ? ಸಂಬಳ ಪಡೆದು ದುಡಿಯುವವರಿಂದ ಪ್ರೀತಿಯನ್ನು ನಿರೀಕ್ಷಿಸುವುದು ನ್ಯಾಯವೇ? ಈ ಪ್ರಶ್ನೆಗಳನ್ನು ಎದುರಿಸದೆ ಶುಶ್ರೂಷೆಯ ನೀತಿಯನ್ನು ಕುರಿತು ಮಾತನಾಡಲಾಗದು.

೧

ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು ಎಂಬ ಗಾದೆಯನ್ನು ಮಂಡ್ಯ ಸೀಮೆಯ ಬೇಸಾಯಗಾರರು ಇಂದಿಗೂ ಆಡುತ್ತಾರೆ. ಗದ್ದೆಯ ಕೆಲಸಕ್ಕೆ ಈ ಮಾತು ಎಷ್ಟು ಅನ್ವಯವಾಗುವುದೋ ರೋಗಿಯ ಸೇವೆಗೂ ಅಷ್ಟೇ ಅನ್ವಯಿಸುವುದೆಂದು ಹಿಂದಿನವರು ಭಾವಿಸಿದ್ದರು. ರೋಗಿಯ ಹಾಸಿಗೆ ಮನೆಯ ನಡುಮನೆಯಲ್ಲಿರುತ್ತಿತ್ತು. ಸೇವೆ ಮಾಡುವವರು ತಾಯಿ, ಹೆಂಡತಿ, ಸೊಸೆ, ಮಗಳು. ಹೆರಿಗೆಗೆ ಊರಿನ ಸೂಲಗಿತ್ತಿ ಬರುತ್ತಿದ್ದಳು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಕೂಲಿಯ ಆಸೆಯಿಲ್ಲದೆ ಮಾಡಿಸಿ ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅವರಂತಹ ಸಾವಿರಾರು ಹೆಣ್ಣುಮಕ್ಕಳ ಹೆಸರು ಯಾವ ದಾಖಲೆಯಲ್ಲಿಯೂ ಇಲ್ಲ.

ಕಾಲ ಬದಲಾಯಿತು. ಕನ್ನಂಬಾಡಿ ಕಟ್ಟೆಯಿಂದ ವಿಶ್ವೇಶ್ವರಯ್ಯ ನಾಲೆ ಹರಿದು ಮಂಡ್ಯದ ಬಯಲು ಹಸಿರಾಯಿತು. ನೀರಿನ ಜೊತೆಯಲ್ಲಿ ಮಲೇರಿಯವೂ ಬಂದಿತು. ೧೯೩೯ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ತಾಲ್ಲೂಕು ಕೇಂದ್ರಗಳಾದ ಮದ್ದೂರು, ಮಳವಳ್ಳಿಗಳಲ್ಲಿ ಆಸ್ಪತ್ರೆಗಳು ಬೆಳೆದವು. ಜಿಲ್ಲಾ ಆಸ್ಪತ್ರೆಯನ್ನು ಆಧಾರವಾಗಿಟ್ಟುಕೊಂಡು ೨೦೦೬ರಲ್ಲಿ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾಯಿತು. ಕಬ್ಬಿನ ಗದ್ದೆಯಲ್ಲಿ ಸೂಲಂಗಿಯಿಂದ ಕಾಲು ಗೀರಿಕೊಂಡ, ಸಕ್ಕರೆ ಕಾಯಿಲೆಯಿಂದ ಆ ಗಾಯ ಮಾಯದಿರುವ ರೈತನೂ, ಚೊಚ್ಚಲ ಬಸಿರಿಯೂ, ಹಾವು ಕಚ್ಚಿದ ಕೂಲಿಯವನೂ ಇಂದು ಬರುವುದು ಆಸ್ಪತ್ರೆಗೇ. ಅಲ್ಲಿ ಅವರನ್ನು ಹಗಲಿರುಳು ನೋಡಿಕೊಳ್ಳುವವರು ಅವರ ಊರಿನವರಲ್ಲ, ಕುಲದವರಲ್ಲ, ಬಂಧುಗಳಲ್ಲ. ತರಬೇತಿ ಪಡೆದು, ತಿಂಗಳ ಸಂಬಳಕ್ಕೆ ದುಡಿಯುವ ಅಪರಿಚಿತರು. ಗಾದೆಯ ಪ್ರಕಾರ ಇದು ಆಳಿನ ಕೆಲಸ. ಅದು ಹಾಳಾಗದಿರಬೇಕಾದರೆ ಏನಿರಬೇಕು ಎಂಬುದೇ ಶುಶ್ರೂಷೆಯ ನೀತಿಯ ಮೂಲಪ್ರಶ್ನೆ.

೨

ಭಾರತೀಯ ವೈದ್ಯಶಾಸ್ತ್ರ ಈ ಪ್ರಶ್ನೆಯನ್ನು ಬಹು ಹಿಂದೆಯೇ ಪರಿಶೀಲಿಸಿದೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಲಾಗಿದೆ: ವೈದ್ಯ, ದ್ರವ್ಯ, ಪರಿಚಾರಕ, ರೋಗಿ. ಒಂದು ಕಾಲು ಮುರಿದರೂ ಮಂಚ ನಿಲ್ಲದು. ಪ್ರತಿಯೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ವಿಧಿಸಿದ ಚರಕನು ಪರಿಚಾರಕನಿಗೆ ಉಪಚಾರಜ್ಞತೆ, ದಾಕ್ಷ್ಯ, ಅನುರಾಗ, ಶೌಚ ಎಂಬ ನಾಲ್ಕನ್ನು ಹೇಳುತ್ತಾನೆ. ಉಪಚಾರದ ತಿಳಿವಳಿಕೆ, ಕೈಯ ಚಾತುರ್ಯ, ಆರೈಕೆಗೆ ಒಳಗಾದವನ ಮೇಲಿನ ಪ್ರೀತಿ, ಶುಚಿತ್ವ ಎಂದು ಇವುಗಳನ್ನು ವಿವರಿಸಬಹುದು.

ಈ ಪಟ್ಟಿಯಲ್ಲಿ ಪ್ರೀತಿಗೆ ದೊರೆತಿರುವ ಸ್ಥಾನವನ್ನು ನಿಧಾನವಾಗಿ ಯೋಚಿಸಬೇಕು. ಅದು ಮೊದಲನೆಯದೂ ಅಲ್ಲ, ಕೊನೆಯದೂ ಅಲ್ಲ. ಚಾತುರ್ಯ ಮತ್ತು ಶುಚಿತ್ವಗಳ ನಡುವೆ ಇದೆ. ಅನುರಾಗವು ಇದ್ದರೆ ಸಂತೋಷ, ಇಲ್ಲದಿದ್ದರೂ ಚಿಂತೆಯಿಲ್ಲ ಎಂಬ ಹೆಚ್ಚುವರಿ ಗುಣವಾಗಿ ಅಲ್ಲಿ ಬಂದಿಲ್ಲ. ಕೈ ತೊಳೆಯದ ಪರಿಚಾರಕನು ಹೇಗೆ ಅನರ್ಹನೋ ಪ್ರೀತಿಯಿಲ್ಲದ ಪರಿಚಾರಕನೂ ಹಾಗೆಯೇ ಅನರ್ಹನೆಂಬುದು ಅದರ ತಾತ್ಪರ್ಯ. ಹಾಗೆಯೇ ಪ್ರೀತಿಯೊಂದಿದ್ದು ತಿಳಿವಳಿಕೆ, ಶುಚಿತ್ವಗಳಿಲ್ಲದಿದ್ದರೂ ಅನರ್ಹನೇ.

ಪಾಶ್ಚಾತ್ಯ ದೇಶಗಳಲ್ಲಿ ಆಧುನಿಕ ಶುಶ್ರೂಷೆಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅವರ ಜೀವನವೂ ಇದೇ ಮಾತನ್ನು ಸಮರ್ಥಿಸುತ್ತದೆ. ೧೮೫೪ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆ ಹೋದ ಆಕೆಯನ್ನು ಲೋಕವು ಕೈಯಲ್ಲಿ ದೀಪ ಹಿಡಿದ ಕರುಣಾಮೂರ್ತಿಯೆಂದು ನೆನೆಯುತ್ತದೆ. ಆದರೆ ಆಕೆ ನುರಿತ ಅಂಕಿಅಂಶ ಶಾಸ್ತ್ರಜ್ಞೆಯೂ ಆಗಿದ್ದರು. ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ಕೊಳಕಿನಿಂದ ಹರಡುವ ರೋಗಗಳಿಂದ ಸಾಯುತ್ತಿದ್ದರೆಂಬುದನ್ನು ಲೆಕ್ಕದಿಂದ ತೋರಿಸಿಕೊಟ್ಟರು. ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುಶ್ರೂಷಕಿಯರ ಶಾಲೆಯನ್ನು ಸ್ಥಾಪಿಸಿದರು. ಆಕೆಯಲ್ಲಿ ದಯೆಯು ಕಣ್ಣೀರಾಗಿ ಹರಿದುಹೋಗದೆ ಚರಂಡಿಯ ದುರಸ್ತಿಯಾಗಿ, ಕಿಟಕಿಯ ಗಾಳಿಯಾಗಿ, ಒಗೆದ ಬಟ್ಟೆಯಾಗಿ ಪರಿಣಮಿಸಿತು. ೧೯೭೯ರಲ್ಲಿ ಅಮೆರಿಕದ ಜೀನ್ ವಾಟ್ಸನ್ ಅವರು ಆರೈಕೆಯ ತತ್ತ್ವ ಮತ್ತು ವಿಜ್ಞಾನವನ್ನು ಕುರಿತು ಗ್ರಂಥ ರಚಿಸಿ, ರೋಗಿಯನ್ನು ಒಂದು ರೋಗವನ್ನಾಗಿ ಕಾಣದೆ ಪೂರ್ಣ ವ್ಯಕ್ತಿಯಾಗಿ ಕಾಣುವುದೇ ಶುಶ್ರೂಷೆಯ ತಿರುಳೆಂದು ಪ್ರತಿಪಾದಿಸಿದರು.

೩

ದಯೆ ಮತ್ತು ದುಡಿಮೆಗಳ ಸಂಬಂಧವನ್ನು ಅತ್ಯಂತ ಆಳವಾಗಿ ಚಿಂತಿಸಿದವರು ಹನ್ನೆರಡನೆಯ ಶತಮಾನದ ಶರಣರು. ಬಸವಣ್ಣನವರು ಧರ್ಮವೃಕ್ಷದಲ್ಲಿ ದಯೆಗೆ ಕೊಟ್ಟ ಸ್ಥಾನ ಹೂವಿನದಲ್ಲ, ಬೇರಿನದು. ಅದರ ವ್ಯಾಪ್ತಿಯನ್ನು ಅವರು ತಮ್ಮ ಮತದವರಿಗಾಗಲಿ ಮನುಷ್ಯಕುಲಕ್ಕಾಗಲಿ ಸೀಮಿತಗೊಳಿಸಲಿಲ್ಲ. ಇಷ್ಟು ಮಾತ್ರವಾಗಿದ್ದರೆ ಅದೊಂದು ಉದಾತ್ತ ಭಾವನೆಯಾಗಿ ಉಳಿಯುತ್ತಿತ್ತು. ಶರಣರ ವೈಶಿಷ್ಟ್ಯವಿರುವುದು ದಯೆಯನ್ನು ಕಾಯಕದೊಡನೆ ಬೆಸೆದುದರಲ್ಲಿ.

ಕಾಯಕವೆಂದರೆ ಕೇವಲ ಉದ್ಯೋಗವಲ್ಲ. ಶರೀರಶ್ರಮದಿಂದ ನಡೆಯುವ, ಸತ್ಯಶುದ್ಧವಾದ, ಸಮಾಜಕ್ಕೆ ಹಿತವಾದ, ಫಲವು ದಾಸೋಹಕ್ಕೆ ಸಲ್ಲುವ ದುಡಿಮೆ ಮಾತ್ರ ಕಾಯಕವೆನಿಸುತ್ತದೆ. ನುಲಿಯ ಚಂದಯ್ಯನು ಹಗ್ಗ ಹೊಸೆಯುವ ತನ್ನ ಕಾಯಕದ ಮುಂದೆ ಗುರು, ಲಿಂಗ, ಜಂಗಮರಿಗೂ ವಿನಾಯಿತಿ ಇಲ್ಲವೆಂದವನು. ಆಯ್ದಕ್ಕಿ ಲಕ್ಕಮ್ಮನು ಗಂಡ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಿರುಗಿಸುವಂತೆ ಮಾಡಿದವಳು. ವೃತ್ತಿಯಿಂದ ವೈದ್ಯನಾಗಿದ್ದ ಶರಣನೂ ಆ ಸಮೂಹದಲ್ಲಿದ್ದ. 'ಮರುಳಶಂಕರಪ್ರಿಯ ಸಿದ್ಧರಾಮೇಶ್ವರಲಿಂಗ' ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ ವೈದ್ಯ ಸಂಗಣ್ಣನು ರೋಗ, ಔಷಧಗಳ ಪರಿಭಾಷೆಯನ್ನೇ ಅನುಭಾವದ ವಿವರಣೆಗೆ ಬಳಸಿಕೊಂಡ.

ಗಾದೆಯ ಸಮಸ್ಯೆಗೆ ಕಾಯಕತತ್ತ್ವದಲ್ಲಿ ಪರಿಹಾರವಿದೆ. ಆಳಿನ ಕೆಲಸ ಹಾಳಾಗುವುದು ಅವನು ಕೂಲಿ ಪಡೆಯುವುದರಿಂದಲ್ಲ. ಕೆಲಸವು ತನ್ನದಲ್ಲವೆಂದು ಅವನು ಭಾವಿಸುವುದರಿಂದ, ಹಾಗೆ ಭಾವಿಸುವಂತೆ ಒಡೆಯನು ಅವನನ್ನು ನಡೆಸಿಕೊಳ್ಳುವುದರಿಂದ. ಶರಣರು ಕಾಯಕಕ್ಕೆ ಪ್ರತಿಫಲವನ್ನು ನಿಷೇಧಿಸಲಿಲ್ಲ. ಮಾರಯ್ಯನು ಅಕ್ಕಿಯನ್ನು ಆಯ್ದು ತರುತ್ತಿದ್ದ; ಚಂದಯ್ಯನು ಹಗ್ಗವನ್ನು ಮಾರುತ್ತಿದ್ದ. ಪ್ರತಿಫಲವು ದುಡಿಮೆಗೆ ತಕ್ಕಂತಿರಬೇಕು, ದುಡಿಮೆಯ ಉದ್ದೇಶ ಮಾತ್ರ ಪ್ರತಿಫಲವಾಗಬಾರದು ಎಂಬುದೇ ಅವರ ನಿಲುವು. ಆದ್ದರಿಂದ ಸಂಬಳ ಪಡೆಯುವ ಶುಶ್ರೂಷಕಿಯ ಸೇವೆ ಸೊಸೆಯ ಸೇವೆಗಿಂತ ಕೀಳೆಂದು ಹೇಳಲು ಕಾರಣವಿಲ್ಲ. ಕುಲದ ಬಂಧನದಿಂದಲ್ಲದೆ ಕಾಯಕದ ನಿಷ್ಠೆಯಿಂದ ಅಪರಿಚಿತನ ಬಳಿಗೆ ಹೋಗುವಾಗ ದಯೆಗೆ ಇನ್ನೂ ವಿಶಾಲವಾದ ಅರ್ಥ ಬರುತ್ತದೆ. ಇದಕ್ಕೆ ವಿರುದ್ಧವಾಗಿ, ಹುಟ್ಟಿದ್ದು ಗಂಡಾದರೆ ಇಷ್ಟು ಹಣ, ಹೆಣ್ಣಾದರೆ ಇಷ್ಟು ಎಂದು ಹೆರಿಗೆ ಕೋಣೆಯ ಬಾಗಿಲಲ್ಲಿ ಬಡವರಿಂದ ಕಿತ್ತುಕೊಳ್ಳುವ ರೂಢಿಯು ಲಕ್ಕಮ್ಮನ ಅಳತೆಯಲ್ಲಿ ಹಿಂದಿರುಗಿಸಬೇಕಾದ ಅಕ್ಕಿ. ಅದು ಕಾಯಕವನ್ನು ಕಳವಿನ ಮಟ್ಟಕ್ಕೆ ಇಳಿಸುತ್ತದೆ.

೪

ಪ್ರೀತಿಗೆ ಮೊದಲ ಪರೀಕ್ಷೆ ಅಸಹ್ಯದಲ್ಲಿ ಒದಗುತ್ತದೆ. ಕೀವು, ಮಲ, ಮೂತ್ರ, ದುರ್ಗಂಧಗಳು ಶುಶ್ರೂಷೆಯ ನಿತ್ಯದ ಸಂಗತಿಗಳು. ಸುಂದರವಾದುದನ್ನು ಪ್ರೀತಿಸುವುದಕ್ಕೆ ಯಾವ ಧರ್ಮವೂ ಬೇಕಾಗಿಲ್ಲ. ಈ ವಿಷಯದಲ್ಲಿ ಮಳವಳ್ಳಿ ತಾಲ್ಲೂಕು ಒಂದು ಮಹತ್ತ್ವದ ಸಾಕ್ಷ್ಯವನ್ನು ಒದಗಿಸುತ್ತದೆ. ಆ ತಾಲ್ಲೂಕಿನ ಬೊಪ್ಪೇಗೌಡನಪುರವು ಮಂಟೇಸ್ವಾಮಿ ಪರಂಪರೆಯ ಮುಖ್ಯ ಕ್ಷೇತ್ರ. ಅಲ್ಲಿಂದ ಚಿಕ್ಕಲ್ಲೂರು, ಕಪ್ಪಡಿಗಳವರೆಗೆ ಹಬ್ಬಿರುವ ಭಕ್ತಸಮೂಹದಲ್ಲಿ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯವು ಕನ್ನಡದ ಮಹತ್ತ್ವದ ಜನಪದ ಮಹಾಕಾವ್ಯಗಳಲ್ಲಿ ಒಂದು.

ಆ ಕಾವ್ಯದ ಕಲ್ಯಾಣದ ಭಾಗದಲ್ಲಿ ಮಂಟೇಸ್ವಾಮಿಯು ಶರಣರನ್ನು ಪರೀಕ್ಷಿಸಲು ಬರುತ್ತಾನೆ. ಅವನು ಬರುವುದು ತೇಜಸ್ಸಿನಿಂದ ಬೆಳಗುವ ಯೋಗಿಯ ವೇಷದಲ್ಲಲ್ಲ. ಮೈಯೆಲ್ಲ ಕೊಳೆತ, ನೊಣ ಮುತ್ತಿದ, ನೋಡಿದವರು ಮೂಗು ಮುಚ್ಚಿಕೊಳ್ಳುವ ಕುಷ್ಠರೋಗಿಯ ರೂಪದಲ್ಲಿ. ಹಾಡುವವರಿಂದ ಹಾಡುವವರಿಗೆ ವಿವರಗಳು ವ್ಯತ್ಯಾಸವಾಗುತ್ತವೆ. ಕಥೆಯ ನಡುಗಂಬ ಮಾತ್ರ ಒಂದೇ. ಲಾಂಛನ ಧರಿಸಿದವರು ಅವನನ್ನು ಕಂಡು ಹಿಂಜರಿಯುತ್ತಾರೆ. ಬಸವಣ್ಣ ಮತ್ತು ನೀಲಮ್ಮ ಅವನ ಬಳಿಗೆ ಬರುತ್ತಾರೆ. ಚರಿತ್ರೆಯ ದೃಷ್ಟಿಯಿಂದ ಈ ಪ್ರಸಂಗದ ಸತ್ಯಾಸತ್ಯತೆಯನ್ನು ವಿಚಾರಿಸುವುದು ಇಲ್ಲಿ ಅಪ್ರಸ್ತುತ. ಬಸವಣ್ಣನವರ ದೊಡ್ಡತನವನ್ನು ಅಳೆಯಲು ಮಳವಳ್ಳಿ ಸೀಮೆಯ ಜನಪದರು ಆರಿಸಿಕೊಂಡ ಅಳತೆಗೋಲು ಯಾವುದೆಂಬುದು ಮುಖ್ಯ. ಪಾಂಡಿತ್ಯವನ್ನಾಗಲಿ ಪವಾಡವನ್ನಾಗಲಿ ಆರಿಸದೆ, ಕೊಳೆತ ಮೈಯ ಮುಂದೆ ಮನುಷ್ಯನು ಹೆಜ್ಜೆಯನ್ನು ಮುಂದಿಡುವನೋ ಹಿಂದಿಡುವನೋ ಎಂಬುದನ್ನೇ ಅವರು ಆರಿಸಿಕೊಂಡರು. 'ಉಪಚಾರ' ಶಬ್ದದ ಅರ್ಥ ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಕುಷ್ಠಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ನಾರ್ವೆಯ ಹ್ಯಾನ್ಸೆನ್ ೧೮೭೩ರಲ್ಲಿ ಗುರುತಿಸಿದ. ವಿಶ್ವ ಆರೋಗ್ಯ ಸಂಸ್ಥೆಯು ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿದ್ದು ೧೯೮೧ರಲ್ಲಿ. ಇಂದು ಆ ರೋಗ ಸಂಪೂರ್ಣವಾಗಿ ಗುಣವಾಗುತ್ತದೆ. ಸುಲಭವಾಗಿ ಅಂಟುವುದೂ ಇಲ್ಲ. ಆದರೆ ರೋಗಿಯನ್ನು ದೂರವಿಡುವ ಮನೋಧರ್ಮಕ್ಕೆ ಇಂತಹ ಔಷಧ ದೊರೆತಿಲ್ಲ. ಏಡ್ಸ್ ಬಂದಾಗ ಅದು ತಲೆಯೆತ್ತಿತು. ೨೦೨೦ರಲ್ಲಿ ಕೊರೋನಾ ಬಂದಾಗ ಮತ್ತೆ ಕಾಣಿಸಿಕೊಂಡಿತು. ಆ ದಿನಗಳಲ್ಲಿ ಮಕ್ಕಳೂ ಮುಟ್ಟಲಾಗದ ತಂದೆತಾಯಿಗಳಿಗೆ ನೀರು ಕುಡಿಸಿದವರು, ಫೋನನ್ನು ಕಿವಿಯ ಬಳಿ ಹಿಡಿದು ಮನೆಯವರ ಧ್ವನಿಯನ್ನು ಕೇಳಿಸಿದವರು ಶುಶ್ರೂಷಕಿಯರೇ. ಹೊಗಳಿಕೆಗಾಗಿ ಚಪ್ಪಾಳೆ ತಟ್ಟಿದ ಕೆಲವು ಕಡೆ ಅವರಿಗೆ ಬಾಡಿಗೆ ಮನೆಯನ್ನು ನಿರಾಕರಿಸಿದ ಸುದ್ದಿಗಳೂ ಆಗ ಬಂದವು.

೫

ಹತ್ತಿರ ಹೋಗುವುದು ಮೊದಲ ಹೆಜ್ಜೆ. ಅರಿತು ಸಲಹುವುದು ಎರಡನೆಯದು. ಅದಕ್ಕೆ ನಿದರ್ಶನವನ್ನು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಕಾಣಬಹುದು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಪ್ರತಿವರ್ಷ ಬಂದು ಆ ಊರಿನ ನಡುವಣ ಹುಣಿಸೆ, ಆಲ, ಅರಳಿ ಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ೧೯೭೬ರಲ್ಲಿ ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು. ೨೦೦೭ರಲ್ಲಿ ಸರ್ಕಾರವು ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಆದರೆ ಘೋಷಣೆಗಿಂತ ಬಹು ಹಿಂದಿನಿಂದಲೂ ಊರಿನವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಕರೆಯುತ್ತ ಬಂದಿದ್ದಾರೆ.

ಈ ಮಾತು ಬರಿಯ ಉಪಮೆಯಲ್ಲ. ಅದು ನಡವಳಿಕೆಯನ್ನು ನಿಯಂತ್ರಿಸುತ್ತದೆ. ತವರಿಗೆ ಬಂದ ಮಗಳನ್ನು ಯಾರೂ ಕಲ್ಲೆಸೆದು ಓಡಿಸುವುದಿಲ್ಲ. ಹಕ್ಕಿಯ ಹಿಕ್ಕೆಯಿಂದ ಅಂಗಳ ಹೊಲಸಾದರೂ, ಹುಣಿಸೆಯ ಫಸಲು ಕಡಿಮೆಯಾದರೂ ಮರ ಕಡಿಯಬಾರದೆಂಬುದು ರೂಢಿಯಾಯಿತು. ಆ ಹಿಕ್ಕೆಯೇ ಗದ್ದೆಗೆ ಗೊಬ್ಬರವೂ ಆಯಿತು. ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿಗಳನ್ನು ಎತ್ತಿ ತಂದು, ಬೇಲಿಯೊಳಗಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುವ ಕಾರ್ಯವನ್ನು ಊರಿನ 'ಹೆಜ್ಜಾರ್ಲೆ ಬಳಗ'ವು ಕೈಗೊಂಡಿತು. ಬಿದ್ದ ಮರಿಯನ್ನು ಕಂಡು ಅಯ್ಯೋ ಎನ್ನುವುದು ಮರುಕ. ಅದು ಏನನ್ನು, ಎಷ್ಟು, ಯಾವಾಗ ತಿನ್ನುತ್ತದೆಂದು ತಿಳಿದು, ದಿನವೂ ತಪ್ಪದೆ ತಿನ್ನಿಸುವುದು ಆರೈಕೆ. ಮರುಕವು ಕ್ಷಣಿಕ, ಆರೈಕೆಗೆ ದಿನಚರಿ ಬೇಕು. ಇನ್ನೊಂದು ಅಂಶವನ್ನೂ ಗಮನಿಸಬೇಕು. ಸಾಕಿದ ಮರಿಯನ್ನು ಕೊನೆಗೆ ಹಾರಿಬಿಡುತ್ತಾರೆ. ಆರೈಕೆಗೆ ಒಳಗಾದ ಜೀವವು ತನ್ನ ಕಾಲಿನ ಮೇಲೆ, ಅಥವಾ ತನ್ನ ರೆಕ್ಕೆಯ ಮೇಲೆ, ನಿಂತು ದೂರ ಹೋಗುವುದೇ ಇಲ್ಲಿಯ ಫಲ. ಗುಣಮುಖನಾದ ರೋಗಿಯು ಶುಶ್ರೂಷಕಿಯ ಹೆಸರನ್ನೂ ಮರೆತು ಮನೆಗೆ ಹೋಗುವಾಗ ಶುಶ್ರೂಷೆ ಪೂರ್ಣವಾಗಿರುತ್ತದೆ.

೬

ಹಕ್ಕಿಗಳಿಗೂ ಬಾಣಂತನ ಮಾಡುವ ಊರಿರುವ ಜಿಲ್ಲೆಯಲ್ಲಿಯೇ ೨೦೨೩ರ ನವೆಂಬರಿನಲ್ಲಿ ಹೊರಬಿದ್ದ ಸಂಗತಿಯು ಇಡೀ ನಾಡನ್ನು ತಲ್ಲಣಗೊಳಿಸಿತು. ಮಂಡ್ಯದ ಸಮೀಪದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವನ್ನಿಟ್ಟು ಬಸಿರಿಯರ ಭ್ರೂಣಲಿಂಗವನ್ನು ಪತ್ತೆಹಚ್ಚುತ್ತಿದ್ದುದೂ, ಹೆಣ್ಣೆಂದು ತಿಳಿದರೆ ಬೇರೆಡೆ ಗರ್ಭಪಾತ ಮಾಡಿಸುತ್ತಿದ್ದುದೂ ಬೆಂಗಳೂರು ಪೊಲೀಸರ ತನಿಖೆಯಿಂದ ಬಯಲಾಯಿತು. ಬಂಧಿತರಲ್ಲಿ ವೈದ್ಯರೂ ಆಸ್ಪತ್ರೆಯ ಸಿಬ್ಬಂದಿಯೂ ಇದ್ದರು. ಲಿಂಗಪತ್ತೆಯನ್ನು ನಿಷೇಧಿಸುವ ಕಾಯ್ದೆ ೧೯೯೪ರಿಂದಲೂ ಇದೆ.

ಆ ಆಲೆಮನೆಯ ಜಾಲದಲ್ಲಿ ಜ್ಞಾನಕ್ಕೆ ಕೊರತೆಯಿರಲಿಲ್ಲ. ಯಂತ್ರವಿತ್ತು, ಕೈಚಳಕವಿತ್ತು, ಗೋಪ್ಯವಾಗಿ ಕೆಲಸ ಮಾಡುವ ಜಾಣ್ಮೆಯಿತ್ತು. ಚರಕನ ನಾಲ್ಕು ಗುಣಗಳಲ್ಲಿ ಜ್ಞತೆ ಮತ್ತು ದಾಕ್ಷ್ಯಗಳು ಇದ್ದವು, ಅನುರಾಗ ಇರಲಿಲ್ಲ. ಆ ಒಂದರ ಅಭಾವದಲ್ಲಿ ಉಳಿದೆರಡು ಏನಾಗಬಲ್ಲವೆಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಕಾಗಿಲ್ಲ. ದಯೆಯು ಕೌಶಲಕ್ಕೆ ಹಚ್ಚುವ ಬಣ್ಣವಲ್ಲ. ಕೌಶಲವು ಯಾವ ದಿಕ್ಕಿಗೆ ತಿರುಗಬೇಕೆಂಬುದನ್ನು ನಿರ್ಣಯಿಸುವ ಚುಕ್ಕಾಣಿ.

ಹೊಣೆ ಅವರೊಬ್ಬರದೇ ಅಲ್ಲವೆಂಬುದೂ ಅಷ್ಟೇ ಸತ್ಯ. ಗಿರಾಕಿಯಿಲ್ಲದೆ ಅಂಗಡಿ ನಡೆಯದು. ಗಂಡು ಮಗುವಿಗಾಗಿ ಸೊಸೆಯನ್ನು ಆಲೆಮನೆಗೆ ಕಳುಹಿಸಿದ ಮನೆಗಳಲ್ಲಿಯೂ ದೇವರ ಕೋಣೆ ಇದ್ದಿರಬೇಕು. ಕೆಲವು ಮನೆಗಳಲ್ಲಿ ಬಸವಣ್ಣನವರ ಚಿತ್ರಪಟವೂ ಇದ್ದೀತು. ದಯೆಯನ್ನು ಶುಶ್ರೂಷಕಿಯ ಸಮವಸ್ತ್ರಕ್ಕೆ ವಹಿಸಿಕೊಟ್ಟು ಸಮಾಜವು ಕೈತೊಳೆದುಕೊಳ್ಳುವಂತಿಲ್ಲ.

೭

ಪ್ರೀತಿಯ ಅಭಾವದಿಂದ ಒದಗುವ ಅನರ್ಥವನ್ನು ಹೇಳಿದ ಮೇಲೆ ಅದರ ಅತಿಯನ್ನೂ ಹೇಳಬೇಕಾಗುತ್ತದೆ. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ರಚಿಸಿ, ಭೀಮಕವಿಯು ೧೩೬೯ರಲ್ಲಿ ಕನ್ನಡಕ್ಕೆ ತಂದ ಬಸವಪುರಾಣದ ಭಕ್ತರ ಕಥೆಗಳಲ್ಲಿ ಬೆಜ್ಜಮಹಾದೇವಿಯದು ಬಹು ಮಧುರವಾದುದು. ಎಲ್ಲರಿಗೂ ತಾಯಿಯಿದ್ದಾಳೆ, ಶಿವನಿಗೆ ಮಾತ್ರ ಇಲ್ಲವಲ್ಲ ಎಂದು ಮರುಗಿದ ಆಕೆ ತಾನೇ ಅವನಿಗೆ ತಾಯಾದಳು. ಎಣ್ಣೆ ಹಚ್ಚಿ ಎರೆದಳು, ಹಾಲೂಡಿಸಿದಳು, ಆಡಿಸಿದಳು. ಆಕೆಯ ಪ್ರೀತಿಯನ್ನು ಪರೀಕ್ಷಿಸಲು ಶಿಶುರೂಪಿಯಾದ ಶಿವನು ರೋಗವನ್ನು ನಟಿಸಿ ಹಾಲು ಕುಡಿಯದಾದಾಗ ಆಕೆ ಕಂಗೆಟ್ಟು ಪ್ರಾಣವನ್ನೇ ಕೊಡಲು ಮುಂದಾದಳು. ಶಿವನು ಪ್ರತ್ಯಕ್ಷನಾಗಿ ಆಕೆಯನ್ನು ಉಳಿಸಿದ.

ಭಕ್ತಿಯ ದೃಷ್ಟಿಯಿಂದ ಇದು ಪರಾಕಾಷ್ಠೆ. ಆದರೆ ಮೂವತ್ತು ಹಾಸಿಗೆಗಳ ವಾರ್ಡಿನಲ್ಲಿ ರಾತ್ರಿಪಾಳಿಯಲ್ಲಿರುವ ಶುಶ್ರೂಷಕಿಯು ಪ್ರತಿಯೊಬ್ಬ ರೋಗಿಯ ವಿಷಯದಲ್ಲಿಯೂ ಬೆಜ್ಜಮಹಾದೇವಿಯಾಗಲು ಹೊರಟರೆ ಆಕೆಯನ್ನು ಉಳಿಸಲು ಶಿವನು ಪ್ರತ್ಯಕ್ಷನಾಗುವನೆಂದು ನಂಬಿ ಕೂರುವಂತಿಲ್ಲ. ಅನ್ಯರ ನೋವನ್ನು ನಿರಂತರ ಹೊರುವವರ ಅಂತಃಕರಣವು ಬತ್ತಿಹೋಗುವ ಸ್ಥಿತಿಯನ್ನು ಅಮೆರಿಕದ ಕಾರ್ಲಾ ಜಾಯ್ನ್‌ಸನ್ ೧೯೯೨ರಲ್ಲಿ ಶುಶ್ರೂಷಾ ಪತ್ರಿಕೆಯೊಂದರಲ್ಲಿ ಮೊದಲಬಾರಿಗೆ ಹೆಸರಿಸಿದರು. ಕನ್ನಡದಲ್ಲಿ ಅದನ್ನು 'ಕರುಣೆಯ ದಣಿವು' ಎನ್ನಬಹುದು. ದಣಿದ ಕರುಣೆ ಸಿಡುಕಾಗುತ್ತದೆ, ಆಮೇಲೆ ಉದಾಸೀನವಾಗುತ್ತದೆ. ವಾರ್ಡಿನಲ್ಲಿ ಗದರುವ ಶುಶ್ರೂಷಕಿಯನ್ನು ಕಂಡು ಆಕೆಗೆ ಹೃದಯವಿಲ್ಲವೆಂದು ನಿರ್ಣಯಿಸುವವರು, ಆಕೆಯ ಪಾಲಿಗೆ ಎಷ್ಟು ಜನ ರೋಗಿಗಳು ಬಿದ್ದಿದ್ದಾರೆ, ಆಕೆ ಎಷ್ಟು ಹೊತ್ತಿನಿಂದ ಕುಳಿತಿಲ್ಲ ಎಂಬುದನ್ನು ವಿಚಾರಿಸುವುದು ಅಪರೂಪ.

ದಯೆಯ ಹೆಸರಿನಲ್ಲಿ ಶುಶ್ರೂಷಕಿಯರ ನ್ಯಾಯವಾದ ಬೇಡಿಕೆಗಳನ್ನು ತಳ್ಳಿಹಾಕುವ ರೂಢಿಯೂ ಇದೆ. ಸೇವೆಯೆಂದ ಮೇಲೆ ಸಂಬಳದ ಮಾತೇಕೆ, ತ್ಯಾಗವೆಂದ ಮೇಲೆ ರಜೆಯ ಮಾತೇಕೆ ಎಂಬ ವಾದ ಕೇಳಲು ಧಾರ್ಮಿಕವಾಗಿ ತೋರುತ್ತದೆ. ಕಾಯಕತತ್ತ್ವದ ಬೆಳಕಿನಲ್ಲಿ ನೋಡಿದರೆ ಅದು ಅಧರ್ಮವೇ. ಕಾಯಕಜೀವಿಯ ಕೂಲಿಯನ್ನು ಹಿಡಿದಿಟ್ಟುಕೊಂಡು ಆತನಿಗೆ ದಾಸೋಹವನ್ನು ಬೋಧಿಸುವುದನ್ನು ಶರಣರು ಒಪ್ಪುತ್ತಿರಲಿಲ್ಲ. ದಾಸೋಹವು ಕೊಡುವವನ ಇಚ್ಛೆ, ಇನ್ನೊಬ್ಬರಿಂದ ಕಸಿದುಕೊಳ್ಳುವಂತಹುದಲ್ಲ. ಗುತ್ತಿಗೆಯ ಮೇಲೆ ಅಲ್ಪ ವೇತನಕ್ಕೆ, ನಾಳಿನ ಭರವಸೆಯಿಲ್ಲದೆ ದುಡಿಯುವವರಿಂದ ತಾಯಿಯ ಪ್ರೀತಿಯನ್ನು ಬಯಸುವ ಸಮಾಜವು ಮೊದಲು ತಾನು ಅವರ ವಿಷಯದಲ್ಲಿ ದಯೆಯುಳ್ಳದ್ದಾಗಬೇಕು. ನಮ್ಮ ದೇಶದಲ್ಲಿ ಶುಶ್ರೂಷೆಯ ಶಿಕ್ಷಣಕ್ಕೆ ಏಕರೂಪದ ಮಟ್ಟವನ್ನು ಕಲ್ಪಿಸಲು ೧೯೪೭ರಲ್ಲಿ ಕಾಯ್ದೆ ಬಂದಿತು. ಅದರ ಸ್ಥಾನದಲ್ಲಿ ೨೦೨೩ರಲ್ಲಿ ಹೊಸ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿತು. ಕಾನೂನು ಅರ್ಹತೆಯನ್ನು ನಿಗದಿಮಾಡಬಲ್ಲದು. ಗೌರವವನ್ನು ಕೊಡಬೇಕಾದವರು ಜನ.

೮

ಹಾಗಾದರೆ ಹಾಸಿಗೆಯ ಪಕ್ಕದಲ್ಲಿ ದಯೆಯು ಯಾವ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ? ದೊಡ್ಡ ಮಾತುಗಳಲ್ಲಿ ಅಲ್ಲ; ಬಹು ಸಣ್ಣ ಕ್ರಿಯೆಗಳಲ್ಲಿ. ಪಾರ್ಶ್ವವಾಯುವಿನಿಂದ ಮಲಗಿದಲ್ಲೇ ಇರುವ ವೃದ್ಧನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಬೆನ್ನಿನ ಕೆಳಭಾಗದಲ್ಲಿ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ; ಒಮ್ಮೆ ಆದರೆ ಮಾಯಲು ತಿಂಗಳುಗಳು ಬೇಕು. ನಡುರಾತ್ರಿ ಎರಡು ಗಂಟೆಗೆ ಯಾರೂ ನೋಡದಿರುವಾಗ ಆ ಮಗ್ಗುಲನ್ನು ಬದಲಿಸುವುದು ದಯೆ. ಹಾಸಿಗೆಯ ಬಟ್ಟೆಯ ಸುಕ್ಕನ್ನು ಎಳೆದು ಸರಿಪಡಿಸುವುದು ದಯೆ. ಮೈ ಒರೆಸುವ ಮುನ್ನ ಪರದೆ ಎಳೆಯುವುದು, ಸೂಜಿ ಚುಚ್ಚುವ ಮುನ್ನ ತಿಳಿಸುವುದು, 'ಹನ್ನೆರಡನೆಯ ನಂಬರ್' ಎನ್ನದೆ ಹೆಸರು ಹಿಡಿದು ಕರೆಯುವುದು, ಒಬ್ಬ ರೋಗಿಯಿಂದ ಇನ್ನೊಬ್ಬನ ಬಳಿಗೆ ಹೋಗುವ ಮುನ್ನ ಕೈ ತೊಳೆಯುವುದು ಇವೆಲ್ಲವೂ ದಯೆಯ ರೂಪಗಳು. ಇಲ್ಲಿ ಶೌಚವೂ ಅನುರಾಗವೂ ಬೇರೆಬೇರೆಯಾಗಿ ಉಳಿಯುವುದಿಲ್ಲ.

ಕೇಳುವುದೂ ಒಂದು ಕ್ರಿಯೆಯೇ. ಹಳ್ಳಿಯಿಂದ ಬಂದ ವೃದ್ಧೆ ವೈದ್ಯರ ಮುಂದೆ ಬಾಯಿ ಬಿಡುವುದಿಲ್ಲ. ಮಾತ್ರೆ ನುಂಗಿದ ಮೇಲೆ ತಲೆ ಸುತ್ತುವುದನ್ನು, ಊಟ ಸೇರದಿರುವುದನ್ನು, ಮನೆಯಲ್ಲಿ ಹಸು ಕಟ್ಟುವವರಿಲ್ಲದ ಚಿಂತೆಯನ್ನು ಶುಶ್ರೂಷಕಿಯ ಹತ್ತಿರ ಹೇಳಿಕೊಳ್ಳುತ್ತಾಳೆ. ಆ ಮಾತಿನಲ್ಲಿ ಚಿಕಿತ್ಸೆಗೆ ಬೇಕಾದ ಸುಳಿವೂ ಇರುತ್ತದೆ. ಕೇಳಿಸಿಕೊಂಡು ವೈದ್ಯರಿಗೆ ತಿಳಿಸಿದರೆ ಜೀವ ಉಳಿದೀತು. ಇನ್ನು ಜೀವ ಉಳಿಯದೆಂದು ಖಚಿತವಾದಾಗ ಚಿಕಿತ್ಸೆ ಕೈಚೆಲ್ಲಬಹುದು. ಶುಶ್ರೂಷೆಗೆ ಮಾತ್ರ ಕೈಚೆಲ್ಲುವ ಗಳಿಗೆ ಬರುವುದೇ ಇಲ್ಲ. ತುಟಿಗೆ ನೀರು ಸವರುವುದು, ನೋವಿಗೆ ಔಷಧ ಹೊತ್ತಿಗೆ ಸರಿಯಾಗಿ ಸಿಗುವಂತೆ ನೋಡಿಕೊಳ್ಳುವುದು, ಕೈ ಹಿಡಿದು ಕೂರುವುದು ಕೊನೆಯ ಉಸಿರಿನವರೆಗೂ ಉಳಿಯುವ ಕರ್ತವ್ಯಗಳು.

ಈ ಕ್ರಿಯೆಗಳನ್ನು ಅಭ್ಯಾಸದಿಂದ ಕಲಿಯಬಹುದೆಂಬುದು ಭರವಸೆಯ ಸಂಗತಿ. ಪ್ರೀತಿ ಹುಟ್ಟಿನಿಂದ ಬರಬೇಕು, ಕಲಿಸಲಾಗದು ಎಂಬ ನಂಬಿಕೆ ಅರ್ಧಸತ್ಯ. ಎಲ್ಲ ರೋಗಿಗಳ ಮೇಲೂ ಪ್ರೀತಿ ಉಕ್ಕಬೇಕೆಂದು ಯಾರಿಗೂ ಆಜ್ಞೆ ಮಾಡಲಾಗದು. ಎಲ್ಲ ರೋಗಿಗಳಿಗೂ ಪ್ರೀತಿಯ ಕ್ರಿಯೆ ಸಲ್ಲಬೇಕೆಂದು ಮಾತ್ರ ವಿಧಿಸಬಹುದು. ಭಾವವು ಕೆಲವೊಮ್ಮೆ ಕ್ರಿಯೆಗೆ ಮುಂದಾಗಿ ಬರುತ್ತದೆ, ಕೆಲವೊಮ್ಮೆ ಕ್ರಿಯೆಯನ್ನು ಹಿಂಬಾಲಿಸಿ ಬರುತ್ತದೆ. ಬೈಯುವ ರೋಗಿಯ ಗಾಯವನ್ನು ಹತ್ತು ದಿನ ನಿಷ್ಠೆಯಿಂದ ತೊಳೆದವಳಿಗೆ ಹನ್ನೊಂದನೆಯ ದಿನ ಅವನ ಮೇಲೆ ಮರುಕ ಹುಟ್ಟಿದ್ದರೆ ಆಶ್ಚರ್ಯವಿಲ್ಲ. ಕಾಯಕವೇ ಅಲ್ಲಿ ದಯೆಯನ್ನು ಬೆಳೆಸಿರುತ್ತದೆ.

ಮಂಡ್ಯ, ಮದ್ದೂರು, ಮಳವಳ್ಳಿಗಳ ಹಳ್ಳಿಗಳಿಂದ ಇಂದು ಅನೇಕ ರೈತರ ಮಕ್ಕಳು ಶುಶ್ರೂಷಾ ಶಿಕ್ಷಣಕ್ಕೆ ಸೇರುತ್ತಿದ್ದಾರೆ. ಹೆಣ್ಣುಮಕ್ಕಳ ಜೊತೆಗೆ ಗಂಡುಮಕ್ಕಳೂ ಬರುತ್ತಿರುವುದು ಸ್ವಾಗತಾರ್ಹ. ಅವರು ಓದುವ ಪಠ್ಯಗ್ರಂಥಗಳಲ್ಲಿ ನೀತಿಯ ಅಧ್ಯಾಯವು ಬಹುಮಟ್ಟಿಗೆ ಪರದೇಶದ ಚಿಂತಕರ ಹೆಸರುಗಳಿಂದ ತುಂಬಿರುತ್ತದೆ. ಆ ಚಿಂತಕರನ್ನು ಗೌರವದಿಂದಲೇ ಓದಬೇಕು. ಅದರೊಂದಿಗೆ ಚರಕನ ಪರಿಚಾರಕನನ್ನೂ, ಬೊಪ್ಪೇಗೌಡನಪುರದ ನೀಲಗಾರರು ಹಾಡುವ ಕುಷ್ಠರೂಪಿಯ ಕಥೆಯನ್ನೂ, ಕೊಕ್ಕರೆ ಬೆಳ್ಳೂರಿನ ಬಾಣಂತನವನ್ನೂ, ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಿದ ಲಕ್ಕಮ್ಮನನ್ನೂ ಓದಿದರೆ, ಅವರು ಕಲಿಯುತ್ತಿರುವ ನೀತಿ ಹೊರಗಿನಿಂದ ಬಂದುದಲ್ಲ, ತಮ್ಮ ಅಂಗಳದಲ್ಲಿಯೇ ಬೆಳೆದುದೆಂಬ ಅರಿವಾಗುತ್ತದೆ. ಹಾಗೆ ಅರಿತು ಕಲಿತವರ ಕೈಯಲ್ಲಿ ಆಳಿನ ಕೆಲಸ ಹಾಳಾಗದೆ ಕಾಯಕವಾಗುತ್ತದೆ.